ಇನ್‌ಫ್ಲುಯೆನ್ಸ್ ಅಂದ್ರೆ ಪ್ರಭಾವವಾ, ಪರಿಣಾಮವಾ, ವಶೀಲಿಯಾ? ಶಬ್ದದ ಮೂಲ ಎಲ್ಲಿಯದ್ದು?

ಪೆರ್ಲದ ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ ಹತ್ರ ಒಂದು ಕನ್ನಡ ಮೀಡಿಯಂ ಹೈಸ್ಕೂಲಲ್ಲಿ ಇಂಗ್ಲಿಷ್ ಪಾಠ ಮಾಡುದು. ಎಂಟನೇ ಕ್ಲಾಸಿಗೆ ಒಂದು ಪ್ಯಾರಾ ಓದಿಸುವಾಗ ಇನ್‌ಫ್ಲುಯೆನ್ಸ್ ಅಂತ ಬಂತು, ಬೋರ್ಡಲ್ಲಿ "ಪ್ರಭಾವ" ಅಂತ ಬರೆದು ಮುಂದೆ ಹೋದೆ. ಮತ್ತೆ ನೋಟ್‌ಬುಕ್ ತಿದ್ದುವಾಗ ನೋಡಿದ್ರೆ ಕೆಲವರು ಪ್ರಭಾವ ಬರೆದಿದ್ದಾರೆ, ಕೆಲವರು ಪರಿಣಾಮ, ಇನ್ನು ಕೆಲವು ಮಕ್ಕಳು "ಸ್ವಾಧೀನ" ಅಂತ ಬರೆದಿದ್ದಾರೆ! ಕೇಳಿದ್ರೆ ಟ್ಯೂಷನಲ್ಲಿ ಮಲಯಾಳಂ ಮೀಡಿಯಂ ಮಕ್ಕಳ ಜೊತೆ ಕೂತದ್ದು, ಅಲ್ಲಿ ಹಾಗೆ ಹೇಳಿಕೊಟ್ಟದ್ದಂತೆ. ಮಕ್ಕಳನ್ನು ಬೈದು ಪ್ರಯೋಜನ ಇಲ್ಲ, ಯಾಕೆಂದ್ರೆ ಚುನಾವಣೆ ಸಮಯದಲ್ಲಿ ಒಂದು ಕನ್ನಡ ನೋಟಿಸಲ್ಲೇ "ಮತದಾರರನ್ನು ಸ್ವಾಧೀನಿಸುವುದು ಅಪರಾಧ" ಅಂತ ನಾನೇ ಓದಿದ್ದೇನೆ. ಕನ್ನಡ ಮಾತ್ರ ಗೊತ್ತಿರುವ ಒಬ್ಬ ಅಜ್ಜ ಅದನ್ನು ಓದಿದ್ರೆ ಎಂತ ಅಂತ ತಿಳ್ಕೊಳ್ಳಬೇಕು ಹೇಳಿ.

ಅದು ಒಂದು. ಇನ್ನೊಂದು, ಇಲ್ಲಿ ಮಕ್ಕಳಿಗೆ ಮನೆಯಲ್ಲಿ ಕೇಳಿ ಗೊತ್ತಿರುವ ಇನ್‌ಫ್ಲುಯೆನ್ಸ್ ಬೇರೆಯೇ, "ಅವರಿಗೆ ತಿರುವನಂತಪುರದಲ್ಲಿ ಇನ್‌ಫ್ಲುಯೆನ್ಸ್ ಉಂಟು, ಟ್ರಾನ್ಸ್‌ಫರ್ ಆಗ್ತದೆ" ಅಂತ ಹೇಳ್ತಾರಲ್ಲ, ಅದು. ಪುಸ್ತಕದಲ್ಲಿ ಇದ್ದದ್ದು "ಅಜ್ಜಿ ಹೇಳಿದ ಕಥೆಗಳು ಅವಳನ್ನು ಇನ್‌ಫ್ಲುಯೆನ್ಸ್ ಮಾಡಿದವು" ಅನ್ನುವ ರೀತಿಯ ವಾಕ್ಯ. ಒಬ್ಬ ಹುಡುಗ ಎದ್ದು ನಿಂತು "ಟೀಚರ್, ಇನ್‌ಫ್ಲುಯೆಂಜಾ ಜ್ವರಕ್ಕೂ ಇದಕ್ಕೂ ಸಂಬಂಧ ಉಂಟಾ" ಅಂತ ಕೇಳಿದ. ನೋಡಿ ಹೇಳ್ತೇನೆ ಅಂತ ಹೇಳಿದ್ದೇನೆ, ಸರಿಯಾದ ಉತ್ತರವನ್ನೇ ಕೊಡಬೇಕು ಅಂತ ಆಸೆ.

ಡಿಕ್ಷನರಿ ನೋಡಿದ್ದೇನೆ, ಅರ್ಥಗಳು ಸಾಲಾಗಿ ಉಂಟು, ಯಾವುದು ಎಲ್ಲಿಗೆ ಅಂತ ಅದರಲ್ಲಿ ಗೊತ್ತಾಗುದಿಲ್ಲ. ಮೂಲ ಅರ್ಥ ಎಂತ, ಹೇಗೆ ಬಳಸುದು, "ಆನ್" ಬೇಕಾ ಬೇಡವಾ, ಕನ್ನಡದಲ್ಲಿ ಯಾವಾಗ ಯಾವ ಶಬ್ದ, ಗೊತ್ತಿದ್ದವರು ದಯವಿಟ್ಟು ಬರೀರಿ.

---

ಮಧುವಾಹಿನಿ ಉತ್ತರ:

ಟೀಚರ್, ಮೊದಲು ಆ ಹುಡುಗನಿಗೆ ಶಾಭಾಸ್ ಹೇಳಿ. ಸಂಬಂಧ ಉಂಟು, ಬರೇ ಸಂಬಂಧ ಅಲ್ಲ, ಎರಡೂ ಒಂದೇ ಶಬ್ದ. ನಾನು ಕಾಲೇಜಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವ, ನನಗೆ ಈ ಶಬ್ದದ ಕಥೆ ಬಹಳ ಇಷ್ಟ, ಹಾಗಾಗಿ ಸ್ವಲ್ಪ ಉದ್ದ ಆಗ್ತದೆ.

ಲ್ಯಾಟಿನ್‌ನಲ್ಲಿ ಫ್ಲುಎರೆ ಅಂದ್ರೆ ಹರಿಯುವುದು. ಅದಕ್ಕೆ ಇನ್ ಸೇರಿ ಇನ್‌ಫ್ಲುಎರೆ, ಒಳಗೆ ಹರಿಯುವುದು. ಅದರಿಂದ ಮಧ್ಯಯುಗದ ಲ್ಯಾಟಿನ್‌ನಲ್ಲಿ ಇನ್‌ಫ್ಲುಯೆಂಟಿಯಾ ಆಯ್ತು, ಹಳೇ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂತು, 14ನೇ ಶತಮಾನದ ಕೊನೆಯ ಹೊತ್ತಿಗೆ. ಆದ್ರೆ ಆಗ ಒಳಗೆ ಹರಿಯುವುದು ನೀರಲ್ಲ. ಆಗಿನ ಯುರೋಪಿನ ಜ್ಯೋತಿಷ್ಯದಲ್ಲಿ ಒಂದು ನಂಬಿಕೆ ಇತ್ತು, ಗ್ರಹ ನಕ್ಷತ್ರಗಳಿಂದ ಕಣ್ಣಿಗೆ ಕಾಣದ ಒಂದು ದ್ರವದ ಹಾಗಿನದ್ದು ಕೆಳಗೆ ಹರಿದು ಬರ್ತದೆ, ಅದು ಮನುಷ್ಯನ ಒಳಗೆ ಸೇರಿ ಅವನ ಸ್ವಭಾವ, ಆರೋಗ್ಯ, ಹಣೆಬರಹ ಎಲ್ಲ ನಿರ್ಧಾರ ಮಾಡ್ತದೆ ಅಂತ. ಆ ಹರಿವಿಗೇ ಇನ್‌ಫ್ಲುಯೆನ್ಸ್ ಅಂತ ಹೆಸರು. ಚಾಸರ್ ಕವಿ ಆಕಾಶದ ಇನ್‌ಫ್ಲುಯೆನ್ಸುಗಳೇ ಅಂತ ಕರೆದು ಬರೆದದ್ದು ಇದೇ ಅರ್ಥದಲ್ಲಿ. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ಯೋಬನ ಪುಸ್ತಕದಲ್ಲಿ ಪ್ಲೀಯಡೀಸ್ ನಕ್ಷತ್ರಗಳ, ಅಂದ್ರೆ ನಾವು ಕೃತ್ತಿಕೆ ಅಂತೇವಲ್ಲ ಅದರ, "ಸ್ವೀಟ್ ಇನ್‌ಫ್ಲುಯೆನ್ಸಸ್" ಅಂತ ಬರ್ತದೆ. ಅಲ್ಲಿ ಪ್ರಭಾವಿ ವ್ಯಕ್ತಿ, ವಶೀಲಿ ಇಂಥದ್ದೆಲ್ಲ ಇಲ್ಲ.

ನಮ್ಮ ಊರಿನ ಮಕ್ಕಳಿಗೆ ಇದನ್ನು ಅರ್ಥ ಮಾಡಿಸುದು ಬಹಳ ಸುಲಭ ಅಂತ ನನಗೆ ಕಾಣ್ತದೆ. ಏನಾದ್ರೂ ಕೆಟ್ಟದಾದ್ರೆ "ನನ್ನ ಗ್ರಹಚಾರ" ಅಂತ ಹೇಳುವವರ ನಡುವೆ ಬೆಳೆದ ಮಕ್ಕಳು ಅವು. ಗ್ರಹಚಾರ ಅಂದ್ರೆ ಗ್ರಹಗಳ ಸಂಚಾರ ಅಷ್ಟೇ, ಒಳ್ಳೇದೂ ಅಲ್ಲ ಕೆಟ್ಟದೂ ಅಲ್ಲ, ಆದ್ರೆ ಬಾಯಲ್ಲಿ ಅದು ದುರದೃಷ್ಟ ಅಂತ ಆಗಿ ಹೋಯ್ತು. ಈಗ ಹಾಗೆ ಹೇಳುವವರಲ್ಲಿ ಎಷ್ಟೋ ಜನ ಗ್ರಹಗಳನ್ನು ನೆನಸುದೇ ಇಲ್ಲ. ಇಂಗ್ಲಿಷಿನವರೂ ಹಾಗೆಯೇ, ಡಿಸಾಸ್ಟರ್ ಅನ್ನುವ ಶಬ್ದದೊಳಗೆ ನಕ್ಷತ್ರ ಉಂಟು, ಕೆಟ್ಟ ನಕ್ಷತ್ರ ಅಂತ ಮೂಲ ಅರ್ಥ, ಸ್ಯಾಟರ್ನೈನ್ ಅಂದ್ರೆ ಮಂಕು ಹಿಡಿದ ಸ್ವಭಾವ, ಶನಿಗ್ರಹದ್ದು. ನಂಬಿಕೆ ಹೋದ್ರೂ ಶಬ್ದ ಉಳಿದದ್ದು.

ಇನ್ನು ಜ್ವರ. ಅದೇ ಇನ್‌ಫ್ಲುಯೆಂಟಿಯಾ ಇಟಾಲಿಯನ್‌ನಲ್ಲಿ ಇನ್‌ಫ್ಲುಯೆಂಜಾ ಆಯ್ತು. ಒಮ್ಮೆಲೇ ಊರಿಗೆ ಊರೇ ಮಲಗುವ ಜ್ವರ ಬಂದ್ರೆ ಕಾರಣ ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ನಕ್ಷತ್ರಗಳ ಇನ್‌ಫ್ಲುಯೆಂಜಾ ಅಂತ ಹೇಳ್ತಿದ್ರು. 1743ರಲ್ಲಿ ಇಟಲಿಯಿಂದ ಅಂಥಾ ಒಂದು ಜ್ವರ ಯುರೋಪಿಡೀ ಹಬ್ಬಿದಾಗ ಇಂಗ್ಲಿಷಿನವರು ಆ ಶಬ್ದವನ್ನು ಇಟಾಲಿಯನ್ ರೂಪದಲ್ಲೇ ತೆಗೊಂಡ್ರು, ಈಗಿನ ಫ್ಲೂ ಅದರ ಗಿಡ್ಡ ರೂಪ. 1918ರ ಮಹಾಮಾರಿ ಬಂದಾಗಲೂ ನಿಜವಾದ ಕಾರಣ ಗೊತ್ತಿರಲಿಲ್ಲ, ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ಸನ್ನು ಲಂಡನ್‌ನಲ್ಲಿ ಬೇರ್ಪಡಿಸಿದ್ದು 1933ರಲ್ಲಿ. ಆಮೇಲೂ ಹೆಸರು ಮಾತ್ರ ನಕ್ಷತ್ರದ್ದೇ ಉಳಿಯಿತು. ಇದನ್ನು ಹುಡುಗನಿಗೆ ಹೇಳಿ, ಅವನು ಮರೆಯುದಿಲ್ಲ.

ನಕ್ಷತ್ರದಿಂದ ಮನುಷ್ಯರಿಗೆ ಅರ್ಥ ಇಳಿದದ್ದು ನಿಧಾನಕ್ಕೆ. ಒಬ್ಬ ಮನುಷ್ಯ ಕೈ ಮುಟ್ಟದೆ, ಆಜ್ಞೆ ಕೊಡದೆ, ಇನ್ನೊಬ್ಬನನ್ನು ಬದಲಿಸಿದ್ರೆ ಅದೂ ಒಂದು ಕಾಣದ ಹರಿವೇ ಅಲ್ವಾ, ಹಾಗೆ. ಇನ್‌ಫ್ಲುಯೆನ್ಸ್ ಅನ್ನುವುದನ್ನು ಕ್ರಿಯಾಪದವಾಗಿ ಬಳಸ್ಲಿಕ್ಕೆ ಶುರು ಮಾಡಿದ್ದು ಇನ್ನೂ ತಡವಾಗಿ, 17ನೇ ಶತಮಾನದ ನಡುವಿಗೆ. ಹಾಗಾಗಿ ಶಬ್ದದ ತಿರುಳು ಇದು: ಬಲವಂತ ಇಲ್ಲ, ನೇರ ಪೆಟ್ಟು ಇಲ್ಲ, ಆದ್ರೂ ಬದಲಾವಣೆ ಆಗ್ತದೆ. ಪೊಲೀಸ್ ಹಿಡಿದು ಎಳೆದುಕೊಂಡು ಹೋದ್ರೆ ಅದು ಇನ್‌ಫ್ಲುಯೆನ್ಸ್ ಅಲ್ಲ. ಅಜ್ಜಿ ಕಥೆ ಹೇಳಿ ಹೇಳಿ ಮೊಮ್ಮಗಳು ಬರಹಗಾರ್ತಿ ಆದ್ರೆ ಅದು ಇನ್‌ಫ್ಲುಯೆನ್ಸ್.

ಅದೇ ಫ್ಲುಎರೆ ಕುಟುಂಬದವು ಇನ್ನೂ ಬಹಳ ಉಂಟು, ಫ್ಲೂಯಿಡ್, ಫ್ಲೂಯೆಂಟ್, ಇನ್‌ಫ್ಲಕ್ಸ್, ಎಫ್ಲುಯೆಂಟ್, ಅಫ್ಲುಯೆಂಟ್. ಕಾನ್‌ಫ್ಲುಯೆನ್ಸ್ ಅಂದ್ರೆ ಸಂಗಮ, ನಮ್ಮ ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಅಂತೇವಲ್ಲ, ಆ ಸಂಗಮ. ಇವನ್ನು ಒಟ್ಟಿಗೆ ಬೋರ್ಡಲ್ಲಿ ಬರೆದ್ರೆ ಮಕ್ಕಳಿಗೆ ಸ್ಪೆಲ್ಲಿಂಗೂ ಬಂದುಬಿಡ್ತದೆ. ಒಂದು ಎಚ್ಚರ ಮಾತ್ರ, ಇಂಗ್ಲಿಷಿನ ಫ್ಲೋ ಅನ್ನುವುದನ್ನು ಈ ಪಟ್ಟಿಗೆ ಸೇರಿಸಬೇಡಿ. ಕಾಣ್ಲಿಕ್ಕೆ ಅಣ್ಣತಮ್ಮ ಇದ್ದ ಹಾಗೆ ಇದ್ರೂ ಅದರ ಬೇರು ಬೇರೆ, ಅದು ಜರ್ಮ್ಯಾನಿಕ್ ಶಬ್ದ, ದೂರದಲ್ಲಿ ನಮ್ಮ ಸಂಸ್ಕೃತದ ಪ್ಲು ಧಾತುವಿಗೆ ಸಂಬಂಧ, ಪ್ಲವ ಸಂವತ್ಸರದ ಪ್ಲವ ಉಂಟಲ್ಲ, ತೆಪ್ಪ ಅಂತ ಅರ್ಥ, ಅದೇ ಧಾತು.

---

ಉಪ್ಪಳದ ಹುಡುಗ ಉತ್ತರ:

ಮೇಲಿನ ಸರ್ ಮೂಲ ಹೇಳಿ ಆಯ್ತು, ನಾನು ಪಿಎಸ್‌ಸಿ ಕೋಚಿಂಗಿಗೆ ಗ್ರಾಮರ್ ಕ್ಲಾಸ್ ತೆಗೊಳ್ಳುದು, "ಆನ್" ವಿಷಯ ಮಾತ್ರ ಹೇಳ್ತೇನೆ. ನಮ್ಮವರು ಇದರಲ್ಲಿ ಯಾವಾಗಲೂ ಮಾರ್ಕ್ ಕಳ್ಕೊಳ್ತಾರೆ, ಅದಕ್ಕೆ ಕಾರಣ ಕನ್ನಡವೇ. ನಾವು "ಅವಳ ಮೇಲೆ ಪ್ರಭಾವ ಬೀರಿತು" ಅಂತ ಹೇಳುದಲ್ವಾ, ಆ "ಮೇಲೆ" ತಲೆಯಲ್ಲಿ ಕೂತಿರ್ತದೆ, ಇಂಗ್ಲಿಷಲ್ಲಿ ಬರೆಯುವಾಗ ಅದೇ ಆನ್ ಆಗಿ ಇಳೀತದೆ. "ಇನ್‌ಫ್ಲುಯೆನ್ಸ್ಡ್ ಆನ್ ಹರ್" ಅಂತ ಬರೀತಾರೆ, ಅದು ತಪ್ಪು. ಕ್ರಿಯಾಪದ ಆಗಿದ್ರೆ ನಡುವೆ ಎಂತದ್ದೂ ಬೇಡ, "ದಿ ಸ್ಟೋರೀಸ್ ಇನ್‌ಫ್ಲುಯೆನ್ಸ್ಡ್ ಹರ್" ಅಷ್ಟೇ. ನಾಮಪದ ಆಗಿದ್ರೆ ಮಾತ್ರ ಆನ್ ಬೇಕು, "ದಿ ಸ್ಟೋರೀಸ್ ಹ್ಯಾಡ್ ಎ ಗ್ರೇಟ್ ಇನ್‌ಫ್ಲುಯೆನ್ಸ್ ಆನ್ ಹರ್".

ನಾಮಪದದ ಜೊತೆ ಆನ್ ಮಾತ್ರ ಅಲ್ಲ, ಓವರ್ ಬರ್ತದೆ, ವಿತ್ ಬರ್ತದೆ, ಮೂರಕ್ಕೂ ಅರ್ಥ ಸ್ವಲ್ಪ ಸ್ವಲ್ಪ ಬೇರೆ. ಆನ್ ಅಂದ್ರೆ ಸಾಮಾನ್ಯ ಪ್ರಭಾವ. ಓವರ್ ಅಂದ್ರೆ ಹಿಡಿತ ಇದ್ದ ಹಾಗೆ, ಅವನು ಹೇಳಿದ್ದನ್ನು ಇವನು ಕೇಳ್ತಾನೆ. ವಿತ್ ಅಂದ್ರೆ ನಮ್ಮ ಊರಿನ "ಅವರ ಹತ್ರ ಮಾತು ನಡೀತದೆ", "ಶಿ ಹ್ಯಾಸ್ ಇನ್‌ಫ್ಲುಯೆನ್ಸ್ ವಿತ್ ದಿ ಮಿನಿಸ್ಟರ್". ಟೀಚರ್ ಹೇಳಿದ ಟ್ರಾನ್ಸ್‌ಫರ್ ಕೇಸ್ ಇದೇ.

ಮತ್ತೆ ಅಫೆಕ್ಟ್ ಜೊತೆ ಗೊಂದಲ ಮಾಡ್ಬಾರ್ದು. ಜೋರು ಮಳೆ ಬಂದು ಅಡಿಕೆಗೆ ಕೊಳೆರೋಗ ಬಿದ್ದು ಫಸಲು ಹಾಳಾದ್ರೆ ಮಳೆ ಫಸಲನ್ನು ಅಫೆಕ್ಟ್ ಮಾಡಿತು. ಪಕ್ಕದ ತೋಟದವರು ಕಾಳುಮೆಣಸು ಹಾಕಿ ಲಾಭ ಮಾಡಿದ್ದು ನೋಡಿ ನಾವೂ ಬಳ್ಳಿ ನೆಟ್ರೆ ಅವರು ನಮ್ಮನ್ನು ಇನ್‌ಫ್ಲುಯೆನ್ಸ್ ಮಾಡಿದ್ರು. ಮೊದಲನೆಯದ್ದು ಆಗಿಯೇ ಆಗ್ತದೆ, ಎರಡನೆಯದ್ದರಲ್ಲಿ ನಿರ್ಧಾರ ನಮ್ಮದೇ, ಅದು ಯಾವ ಕಡೆ ವಾಲಿತು ಅನ್ನುದಕ್ಕೆ ಕಾರಣ ಅವರು. ಯಾವಾಗಲೂ ಇಷ್ಟು ಚೊಕ್ಕ ಇರುದಿಲ್ಲ, ಬೆಲೆಯನ್ನು ಹವೆಯನ್ನು ಇನ್‌ಫ್ಲುಯೆನ್ಸ್ ಮಾಡುದೂ ಉಂಟು, ಆದ್ರೆ ಎಂಟನೇ ಕ್ಲಾಸಿಗೆ ಇದು ಸಾಕು.

ಉಚ್ಚಾರ ಒಂದು ಹೇಳಿಬಿಡ್ತೇನೆ, ನಾವೆಲ್ಲ "ಇನ್‌ಫ್ಲೂಯೆನ್ಸ್" ಅಂತ ನಡುವಿಗೆ ಒತ್ತು ಕೊಡ್ತೇವೆ, ಇಂಗ್ಲಿಷಿನವರು ಶುರುವಿನ "ಇನ್" ಮೇಲೆ ಒತ್ತು ಕೊಡುದು, ಫ್ಲು ಗಿಡ್ಡ. ನಾಮಪದ ಕ್ರಿಯಾಪದ ಎರಡಕ್ಕೂ ಅದೇ. ಇನ್‌ಫ್ಲುಯೆನ್ಶಿಯಲ್ ಆಗುವಾಗ ಮಾತ್ರ ಒತ್ತು "ಯೆನ್" ಮೇಲೆ ಹೋಗ್ತದೆ.

---

ಗಡಿನಾಡ ಅನುವಾದಕಿ ಉತ್ತರ:

ಪೆರ್ಲದ ಟೀಚರ್, ನಿಮ್ಮ ಸ್ವಾಧೀನದ ಸಂಕಟ ನನಗೆ ಚೆನ್ನಾಗಿ ಗೊತ್ತುಂಟು, ಮಲಯಾಳಂ ಕಾಗದಪತ್ರ ಕನ್ನಡ ಮಾಡುದೇ ನನ್ನ ಕೆಲಸ. ಇಲ್ಲಿ ಬರೆದವರಿಗೆಲ್ಲ ಇದು ಸಣ್ಣ ವಿಷಯ ಅನ್ನಿಸ್ಬಹುದು, ನನಗೆ ಹಾಗೆ ಕಾಣುದಿಲ್ಲ. ಕಾಸರಗೋಡಲ್ಲಿ ಕನ್ನಡ ಕೆಡುದು ಗೊತ್ತಿಲ್ಲದ ಶಬ್ದಗಳಿಂದ ಅಲ್ಲ, ಗೊತ್ತುಂಟು ಅಂತ ಕಾಣುವ ಶಬ್ದಗಳಿಂದ. ಎರಡೂ ಭಾಷೆಗೂ ಸಂಸ್ಕೃತದಿಂದ ಬಂದವು, ಕೇಳ್ಲಿಕ್ಕೆ ಒಂದೇ, ಅರ್ಥ ಮಾತ್ರ ಬೇರೆ ಬೇರೆ ದಾರಿಯಲ್ಲಿ ಹೋಗಿರ್ತದೆ.

ಇನ್‌ಫ್ಲುಯೆನ್ಸಿಗೆ ಮಲಯಾಳಂನಲ್ಲಿ ಸ್ವಾಧೀನಂ ಅಂತ ಹೇಳುದು, ಅಲ್ಲಿ ಅದು ಸರಿಯೇ. ಕನ್ನಡದಲ್ಲಿ ಸ್ವಾಧೀನ ಅಂದ್ರೆ ವಶಕ್ಕೆ ತೆಗೊಳ್ಳುದು. ಹೆದ್ದಾರಿಗೆ ಜಾಗ ಹೋಗುವಾಗ ಭೂಸ್ವಾಧೀನ ಅಂತೇವೆ, ಜ್ವರ ನೆತ್ತಿಗೇರಿದವನಿಗೆ ಬುದ್ಧಿ ಸ್ವಾಧೀನ ಇಲ್ಲ ಅಂತೇವೆ. ಹಾಗಿರುವಾಗ ಆ ನೋಟಿಸಿನ ಮತದಾರರನ್ನು ಯಾರೋ ಹಿಡಿದು ಕೂಡಿಹಾಕ್ತಾರೆ ಅಂತ ಅಜ್ಜ ತಿಳ್ಕೊಂಡ್ರೆ ಅದು ಅವರ ತಪ್ಪಲ್ಲ. ಸ್ವ ಮತ್ತು ಅಧೀನ, ತನ್ನ ಅಧೀನದಲ್ಲಿ ಇರುವುದು, ಇದು ಎರಡಕ್ಕೂ ತಳ. ಕೈಕಾಲು ಸ್ವಾಧೀನ ಇಲ್ಲ ಅಂತ ನಾವೂ ಹೇಳ್ತೇವೆ ಮಲಯಾಳದವರೂ ಹೇಳ್ತಾರೆ, ಅಲ್ಲಿವರೆಗೆ ಜೊತೆಯಲ್ಲಿ ಬಂದು ಆಮೇಲೆ ಕವಲು ಒಡೆದಿದೆ.

ಇನ್ನೂ ಉಂಟು. ಪರಿಣಾಮ ಅಂತ ಬರೆದ ಮಕ್ಕಳಿಗೆ ಹೇಳಿ, ಅದೇ ಶಬ್ದಕ್ಕೆ ಮಲಯಾಳಂನಲ್ಲಿ ವಿಕಾಸ ಅಂತ ಅರ್ಥ, ಡಾರ್ವಿನ್ ಸಿದ್ಧಾಂತ ಅಲ್ಲಿ ಪರಿಣಾಮ ಸಿದ್ಧಾಂತ. ಮತ್ತೆ ಪ್ರಭಾವ! ನಮ್ಮ ಹಸಿರುಮನೆ ಪರಿಣಾಮ ಅಲ್ಲಿ ಹರಿತಗೃಹ ಪ್ರಭಾವಂ. ಅಂದ್ರೆ ಇಂಗ್ಲಿಷಿನ ಇನ್‌ಫ್ಲುಯೆನ್ಸ್ ನಮಗೆ ಪ್ರಭಾವ, ಅವರಿಗೆ ಸ್ವಾಧೀನ. ಎಫೆಕ್ಟ್ ನಮಗೆ ಪರಿಣಾಮ, ವಿಜ್ಞಾನದಲ್ಲಿ ಅವರಿಗೆ ಪ್ರಭಾವ. ಎವಲ್ಯೂಷನ್ ನಮಗೆ ವಿಕಾಸ, ಅವರಿಗೆ ಪರಿಣಾಮ. ಒಂದೊಂದು ಶಬ್ದ ಒಂದೊಂದು ಮನೆ ಪಕ್ಕಕ್ಕೆ ಸರಿದು ಕೂತ ಹಾಗೆ. ಎರಡೂ ಮೀಡಿಯಂ ಮಕ್ಕಳು ಒಂದೇ ಬೆಂಚಲ್ಲಿ ಕೂತ್ರೆ ಗೊಂದಲ ಆಗದೆ ಇರ್ತದಾ? ಇದನ್ನು ಒಮ್ಮೆ ಹೇಳಿಕೊಟ್ರೆ ಸಾಕು, ನಮ್ಮ ಮಕ್ಕಳು ಎರಡೂ ಭಾಷೆ ತಿಳಿದವರು, ಬೇಗ ಹಿಡಿತಾರೆ.

ಕನ್ನಡದಲ್ಲಿ ಯಾವಾಗ ಯಾವುದು ಅಂತ ಕೇಳಿದ್ದೀರಿ. ನಾನು ಅನುವಾದ ಮಾಡುವಾಗ ಒಂದೇ ಶಬ್ದಕ್ಕೆ ಅಂಟಿಕೊಳ್ಳುದಿಲ್ಲ, ವಾಕ್ಯ ನೋಡ್ತೇನೆ. ಕವಿಯ ಮೇಲೆ ಕವಿ, ಭಾಷೆಯ ಮೇಲೆ ಭಾಷೆ, ಕಲೆಯ ಮೇಲೆ ಕಲೆ ಆದ್ರೆ ಪ್ರಭಾವವೇ ಸರಿ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಿಗೂ ಕೇರಳದ ಹಳೇ ನೃತ್ಯನಾಟಕ ರಾಮನಾಟ್ಟಕ್ಕೂ ಸಂಬಂಧ ಹೇಗೆ, ಯಾರಿಂದ ಯಾರಿಗೆ ಅಂತ ವಿದ್ವಾಂಸರು ಎಷ್ಟು ಚರ್ಚೆ ಮಾಡಿದ್ದಾರೆ, ಅಲ್ಲೆಲ್ಲ ಪ್ರಭಾವ ಅನ್ನುವುದಕ್ಕೆ ತೂಕ ಉಂಟು. ಆದ್ರೆ "ಹಿ ಈಸ್ ಎ ಬ್ಯಾಡ್ ಇನ್‌ಫ್ಲುಯೆನ್ಸ್ ಆನ್ ಯುವರ್ ಸನ್" ಅನ್ನುವುದನ್ನು "ಅವನು ನಿಮ್ಮ ಮಗನ ಮೇಲೆ ಕೆಟ್ಟ ಪ್ರಭಾವ" ಅಂತ ಬರೆದ್ರೆ ಕನ್ನಡ ಆಗುದಿಲ್ಲ. ನಮ್ಮ ಅಮ್ಮಂದಿರು ಏನು ಹೇಳ್ತಾರೆ? "ಅವನ ಸಹವಾಸ ಸರಿ ಇಲ್ಲ." ಅಷ್ಟೇ. ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ ಅಂತ ಗಾದೆಯೇ ಉಂಟು, ಇನ್‌ಫ್ಲುಯೆನ್ಸಿಗೆ ಇಷ್ಟು ಒಳ್ಳೆಯ ಕನ್ನಡ ಇರುವಾಗ ಬಿಡ್ಬೇಡಿ. ಅಜ್ಜಿಯ ಕಥೆಗೆ ಬಂದ್ರೆ "ಅಜ್ಜಿಯ ಕಥೆಗಳಿಂದ ಅವಳಿಗೆ ಬರೆಯುವ ಹುಚ್ಚು ಹಿಡಿಯಿತು" ಅಂತಲೂ ಹೇಳ್ಬಹುದು, ಪ್ರಭಾವ ಅನ್ನುವ ಶಬ್ದವೇ ಬೇಕಂತ ಇಲ್ಲ.

ಟ್ರಾನ್ಸ್‌ಫರಿನ ಇನ್‌ಫ್ಲುಯೆನ್ಸಿಗೆ ವಶೀಲಿ ಉಂಟಲ್ಲ. ವಶ ಅನ್ನುವುದರಿಂದ ಬಂದದ್ದು ಅಂತ ಬಹಳ ಜನ ತಿಳ್ಕೊಂಡಿದ್ದಾರೆ, ಹಾಗಲ್ಲ, ಅರಬಿಯ ವಸೀಲಾ ಉರ್ದು ಮೂಲಕ ಬಂದದ್ದು, ಸಾಧನ ಅಥವಾ ನಡುವೆ ನಿಂತು ಕೆಲಸ ಮಾಡಿಸಿಕೊಡುವ ದಾರಿ ಅಂತ ಅದರ ಅರ್ಥ. ಮಲಯಾಳದವರು ಅದಕ್ಕೆ ಪಿಡಿಪಾಡ್ ಅಂತಾರೆ, ಪಿಡಿ ಅಂದ್ರೆ ನಮ್ಮ ಹಿಡಿಯೇ.

---

ನೀರ್ಚಾಲಿನವ ಉತ್ತರ:

ತುಂಬಾ ಒಳ್ಳೆ ಚರ್ಚೆ. ಪ್ರಭಾವ ಅಂದ್ರೆ ಪ್ರಭೆಯಿಂದ ಬಂದದ್ದಲ್ವಾ? ದೇವಸ್ಥಾನದಲ್ಲಿ ಮೂರ್ತಿ ಹಿಂದೆ ಪ್ರಭಾವಳಿ ಇರ್ತದಲ್ಲ, ಆ ಬೆಳಕು. ನಕ್ಷತ್ರದ ಬೆಳಕು ಹರಿದು ಬರುವುದು ಅಂತ ತೆಗೊಂಡ್ರೆ ಇನ್‌ಫ್ಲುಯೆನ್ಸಿಗೂ ಪ್ರಭಾವಕ್ಕೂ ಮೂಲದಲ್ಲೇ ಹೊಂದಿಕೆ ಆಯ್ತು.

---

ಮಧುವಾಹಿನಿ ಉತ್ತರ:

ನೀರ್ಚಾಲಿನವರೇ, ಕೇಳ್ಲಿಕ್ಕೆ ಚಂದ ಉಂಟು, ಆದ್ರೆ ಹಾಗಲ್ಲ. ಪ್ರಭಾವಳಿ ಅಂದ್ರೆ ಪ್ರಭಾ ಮತ್ತು ಆವಳಿ, ಹೊಳೆಯುವುದು ಅನ್ನುವ ಭಾ ಧಾತು. ಪ್ರಭಾವ ಬಂದದ್ದು ಪ್ರ ಮತ್ತು ಭೂ ಧಾತುವಿನಿಂದ, ಆಗುವುದು, ಇರುವುದು ಅನ್ನುವ ಭೂ. ಪ್ರಭು ಅನ್ನುವುದೂ ಅಲ್ಲಿಂದಲೇ. ಹಾಗಾಗಿ ಪ್ರಭಾವದಲ್ಲಿ ಮೊದಲಿಂದಲೂ ಶಕ್ತಿ, ಒಡೆತನ, ಮಹಿಮೆ ಇಂಥಾ ಅರ್ಥ. ಇನ್‌ಫ್ಲುಯೆನ್ಸ್ ಹರಿದು ಬಂದ ಶಬ್ದ, ಪ್ರಭಾವ ಮೇಲೆದ್ದು ನಿಂತ ಶಬ್ದ. ಇಂಗ್ಲಿಷ್ ಓದಿದ ಮೇಲೆ ಎರಡನ್ನೂ ನಾವು ಜೋಡಿ ಮಾಡಿದ್ದು.

---

ವಕೀಲರು ಕುಂಬಳೆ ಉತ್ತರ:

ಒಂದು ಅರ್ಥ ಎಲ್ಲರೂ ಬಿಟ್ಟಿದ್ದೀರಿ, ನಮ್ಮ ಕೆಲಸದಲ್ಲಿ ಅದೇ ಮುಖ್ಯ. ಅನ್‌ಡ್ಯೂ ಇನ್‌ಫ್ಲುಯೆನ್ಸ್, ಕನ್ನಡದಲ್ಲಿ ಅನುಚಿತ ಪ್ರಭಾವ. 1872ರ ಭಾರತೀಯ ಕರಾರು ಕಾಯ್ದೆಯ 16ನೇ ಸೆಕ್ಷನ್. ಪ್ರಭಾವ ಇದ್ರೆ ತಪ್ಪಲ್ಲ ಅಂತ ಕಾನೂನಿಗೂ ಗೊತ್ತುಂಟು, ಅಪ್ಪನಿಗೆ ಮಗನ ಮೇಲೆ, ಡಾಕ್ಟರಿಗೆ ರೋಗಿಯ ಮೇಲೆ, ಗುರುವಿಗೆ ಶಿಷ್ಯನ ಮೇಲೆ ಇದ್ದೇ ಇರ್ತದೆ. ಒಬ್ಬನ ಇಚ್ಛೆಯನ್ನು ಆಳುವ ಸ್ಥಾನದಲ್ಲಿ ಇದ್ದು ಆ ಸ್ಥಾನ ಬಳಸಿ ನ್ಯಾಯ ಅಲ್ಲದ ಲಾಭ ಮಾಡಿಕೊಂಡ್ರೆ ಆಗ ಅದು ಅನುಚಿತ. ಕಾಯ್ದೆಯೊಳಗೇ ಉದಾಹರಣೆ ಕೊಟ್ಟಿದ್ದಾರೆ, ಕಾಯಿಲೆಯಿಂದಲೋ ಪ್ರಾಯದಿಂದಲೋ ಕುಗ್ಗಿದವನ ಹತ್ರ ಅವನನ್ನು ನೋಡಿಕೊಳ್ಳುವ ವೈದ್ಯ ತನ್ನ ಪ್ರಭಾವ ಬಳಸಿ ವಿಪರೀತ ಹಣ ಕೊಡ್ಲಿಕ್ಕೆ ಒಪ್ಪಿಸುವುದು. ಇನ್ನೊಂದರಲ್ಲಿ ಅಪ್ಪ, ಮಗ ಸಣ್ಣವ ಇರುವಾಗ ಕೊಟ್ಟ ಹಣಕ್ಕೆ ಅವನು ಪ್ರಾಯಕ್ಕೆ ಬಂದ ಮೇಲೆ ಹೆಚ್ಚು ಮೊತ್ತಕ್ಕೆ ಬಾಂಡ್ ಬರೆಸಿಕೊಳ್ಳುವುದು.

ಇಲ್ಲಿ ನಾವು ನೋಡುವುದು ಹೆಚ್ಚಾಗಿ ಜಾಗದ ವಿಷಯ. ಮನೆಯಲ್ಲಿ ಪ್ರಾಯ ಆದವರು ಹಾಸಿಗೆ ಹಿಡಿದಿರ್ತಾರೆ, ನೋಡಿಕೊಳ್ಳುವ ಒಬ್ಬರು ತೋಟ ತಮ್ಮ ಹೆಸರಿಗೆ ಬರೆಸಿಕೊಳ್ತಾರೆ, ಉಳಿದ ಮಕ್ಕಳು ಮತ್ತೆ ಕೋರ್ಟಿಗೆ ಬರ್ತಾರೆ. ಯಾರೂ ಹೊಡೆದಿಲ್ಲ, ಹೆದರಿಸಿಲ್ಲ. ಹೆದರಿಸಿದ್ರೆ ಅದು 15ನೇ ಸೆಕ್ಷನ್, ಕೊಯರ್ಷನ್, ಬೇರೆಯೇ. ಇಲ್ಲಿ ಆದದ್ದು ಮಧುವಾಹಿನಿ ಸರ್ ಹೇಳಿದ ಹಾಗೆ ಕಾಣದ ಹರಿವು. ಕಾಣದ್ದನ್ನು ಸಾಬೀತು ಮಾಡುದು ಎಷ್ಟು ಕಷ್ಟ ನೋಡಿ, ಅದಕ್ಕೇ ಕಾನೂನು ಒಂದು ಉಪಾಯ ಮಾಡಿದೆ: ಒಬ್ಬ ಆ ಸ್ಥಾನದಲ್ಲಿ ಇದ್ದಾನೆ, ವ್ಯವಹಾರವೂ ಮೇಲ್ನೋಟಕ್ಕೇ ಅನ್ಯಾಯ ಅಂತ ಕಾಣ್ತದೆ ಅಂತಾದ್ರೆ, ನಾನು ಅನುಚಿತ ಪ್ರಭಾವ ಬಳಸಿಲ್ಲ ಅಂತ ತೋರಿಸುವ ಭಾರ ಅವನ ಮೇಲೆಯೇ. ಅಂಥಾ ಕರಾರನ್ನು 19ಎ ಸೆಕ್ಷನ್ ಪ್ರಕಾರ ರದ್ದು ಮಾಡಿಸಬಹುದು.

ಟೀಚರ್ ಓದಿದ ಚುನಾವಣೆ ನೋಟಿಸಿನಲ್ಲಿ ಇದ್ದದ್ದೂ ಇದೇ ಶಬ್ದ ಇರಬೇಕು, 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯಲ್ಲಿ ಅನುಚಿತ ಪ್ರಭಾವವನ್ನು ಭ್ರಷ್ಟ ಆಚರಣೆ ಅಂತ ಹೇಳಿದೆ, ಸೆಕ್ಷನ್ 123. ಆ ಶಬ್ದ ಮಲಯಾಳಂ ದಾರಿಯಲ್ಲಿ ಬಂದು ಸ್ವಾಧೀನ ಆಗಿ ಕೂತದ್ದು. ಕನ್ನಡದಲ್ಲಿ ಕೊಡುವ ನೋಟಿಸ್ ಕನ್ನಡದಲ್ಲೇ ಇರಬೇಕು ಅಂತ ನಾವು ಕೇಳ್ಬೇಕು, ಅದು ನಮ್ಮ ಹಕ್ಕು, ಬರೆದು ಕೊಡುದಾದ್ರೆ ನಾನು ಸಹಾಯ ಮಾಡ್ತೇನೆ.

ಮತ್ತೆ "ಅಂಡರ್ ದಿ ಇನ್‌ಫ್ಲುಯೆನ್ಸ್". ಇಂಗ್ಲಿಷಲ್ಲಿ ಹಾಗೆ ಅರ್ಧಕ್ಕೇ ನಿಲ್ಲಿಸಿದ್ರೆ ಕುಡಿದಿದ್ದಾನೆ ಅಂತಲೇ ಅರ್ಥ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಕುಡಿದು ಓಡಿಸುವವರಿಗೂ ಮಾದಕ ವಸ್ತುವಿನ ಇನ್‌ಫ್ಲುಯೆನ್ಸಲ್ಲಿ ಓಡಿಸುವವರಿಗೂ ಇರುವುದು, ಕುಡಿದವರಿಗಾದ್ರೆ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಆಲ್ಕೋಹಾಲ್ ಇದ್ರೆ ಕೇಸ್. ಕನ್ನಡದಲ್ಲಿ ಇದಕ್ಕೆ ಪ್ರಭಾವ ಬೇಡ, ಅಮಲು ಸಾಕು.

---

ಪೆರ್ಲದ ಟೀಚರ್ ಉತ್ತರ:

ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ. ನಾನು ಒಂದು ಶಬ್ದ ಕೇಳಿದ್ದು, ನೀವು ಇಷ್ಟು ಕೊಟ್ರಿ. ಅನುವಾದಕಿ ಅಕ್ಕ, ಪ್ರಭಾವ ಪರಿಣಾಮ ಸ್ವಾಧೀನ ವಿಕಾಸ ಅಂತ ಎರಡು ಭಾಷೆಯ ಕೋಷ್ಟಕ ಮಾಡಿ ಕ್ಲಾಸಿನ ಗೋಡೆಗೆ ಹಾಕ್ತೇನೆ, ಮಕ್ಕಳೇ ಇನ್ನೂ ಇಂಥಾ ಶಬ್ದ ಹುಡುಕಿ ಸೇರಿಸ್ಲಿ. ವಕೀಲರೇ, ಅರ್ಜಿ ವಿಷಯ ನಮ್ಮ ಸ್ಟಾಫ್ ರೂಮಲ್ಲಿ ಮಾತಾಡಿ ಹೇಳ್ತೇನೆ.

ಮಕ್ಕಳು ಖಂಡಿತ ಇನ್ನೊಂದು ಕೇಳ್ತಾರೆ. ಇನ್‌ಸ್ಟಾಗ್ರಾಮಿನ ಇನ್‌ಫ್ಲುಯೆನ್ಸರ್‌ಗೆ ಕನ್ನಡದಲ್ಲಿ ಎಂತ ಹೇಳುದು? ಪ್ರಭಾವಿ ಅಂತ ಪೇಪರಲ್ಲಿ ನೋಡಿದೆ, ನನಗೆ ಸರಿ ಕಾಣಲಿಲ್ಲ.

---

ಗಡಿನಾಡ ಅನುವಾದಕಿ ಉತ್ತರ:

ನನಗೂ ಸರಿ ಕಾಣುದಿಲ್ಲ. ಕನ್ನಡದಲ್ಲಿ ಪ್ರಭಾವಿ ಅಂದ ಕೂಡಲೇ ಕಣ್ಣೆದುರು ಬರುದು ರಾಜಕೀಯದವರು, "ಪ್ರಭಾವಿಗಳ ಒತ್ತಡ" ಅಂತ ಓದಿ ಅಭ್ಯಾಸ. ಅಡುಗೆ ವಿಡಿಯೋ ಮಾಡುವ ಹುಡುಗಿಯನ್ನು ಪ್ರಭಾವಿ ಅಂದ್ರೆ ಅವಳಿಗೂ ಅರ್ಥ ಆಗ್ಲಿಕ್ಕಿಲ್ಲ. ಇನ್‌ಫ್ಲುಯೆನ್ಸರ್ ಅಂತಲೇ ಕನ್ನಡ ಲಿಪಿಯಲ್ಲಿ ಬರೀರಿ, ಬಸ್ಸು ಬ್ಯಾಂಕು ಬಂದ ಹಾಗೆ ಇದೂ ಬಂದಾಯ್ತು. ಇಂಗ್ಲಿಷಲ್ಲಿ ಈ ಶಬ್ದ 17ನೇ ಶತಮಾನದಿಂದಲೇ ಉಂಟು, ಪ್ರಭಾವ ಬೀರುವವರು ಅನ್ನುವ ಸಾಮಾನ್ಯ ಅರ್ಥದಲ್ಲಿ. ಸೋಶಿಯಲ್ ಮೀಡಿಯಾದಲ್ಲಿ ವಸ್ತು ಮಾರಿಸುವವರು ಅನ್ನುವ ಅರ್ಥ ಮಾತ್ರ ಹೊಸತು. ಮಕ್ಕಳಿಗೆ ಇದನ್ನು ಹೇಳುವಾಗ ದುಡ್ಡಿನ ವಿಷಯವೂ ಹೇಳಿ, ಜಾಹೀರಾತು ಮಾನದಂಡ ಮಂಡಳಿ, ಅದೇ ಎಎಸ್‌ಸಿಐ, 2021ರಲ್ಲಿ ನಿಯಮ ತಂದಿದೆ, ದುಡ್ಡು ತೆಗೊಂಡು ಹೇಳುದಾದ್ರೆ ಇದು ಜಾಹೀರಾತು ಅಂತ ನೋಡುವವರಿಗೆ ಕಾಣುವ ಹಾಗೆ ಹಾಕಬೇಕು ಅಂತ. ಎಂಟನೇ ಕ್ಲಾಸಿನ ಮಕ್ಕಳು ಆ ಲೇಬಲ್ ಓದ್ಲಿಕ್ಕೆ ಕಲಿತ್ರೆ ಒಳ್ಳೇದು.

---

ಚಂದ್ರಗಿರಿ ದಡದವ ಉತ್ತರ:

ತಡವಾಗಿ ನೋಡಿದೆ. ನಾನು ಸಿವಿಲ್ ಇಂಜಿನಿಯರ್, ನಮ್ಮಲ್ಲೂ ಈ ಶಬ್ದ ಉಂಟು, ಇನ್‌ಫ್ಲುಯೆನ್ಸ್ ಲೈನ್ ಅಂತ, ಸೇತುವೆ ಲೆಕ್ಕ ಮಾಡುವವರಿಗೆ ಅದು ಇಲ್ಲದೆ ಆಗುದಿಲ್ಲ. ಚಂದ್ರಗಿರಿ ಸೇತುವೆ ಮೇಲೆ ಒಂದು ಲಾರಿ ಬರ್ತದೆ ಅಂತ ಇಟ್ಕೊಳ್ಳಿ. ಲಾರಿ ಒಂದೇ ಕಡೆ ನಿಲ್ಲುದಿಲ್ಲ, ಹೋಗ್ತಾ ಇರ್ತದೆ. ಸೇತುವೆಯಲ್ಲಿ ಯಾವುದೋ ಒಂದು ಜಾಗವನ್ನು ನೀವು ಆರಿಸಿಕೊಂಡು, ಲಾರಿ ಅಲ್ಲಿ ಇರುವಾಗ ಇಲ್ಲಿ ಭಾರದ ಪರಿಣಾಮ ಎಷ್ಟು, ಇನ್ನೂ ಮುಂದೆ ಹೋದಾಗ ಇಲ್ಲಿ ಎಷ್ಟು ಅಂತ ಪ್ರತಿಯೊಂದು ಸ್ಥಾನಕ್ಕೂ ಲೆಕ್ಕ ಮಾಡಿ ಒಂದು ಗೆರೆ ಎಳೆದ್ರೆ ಅದೇ ಇನ್‌ಫ್ಲುಯೆನ್ಸ್ ಲೈನ್. ಎರಡು ತುದಿಯಲ್ಲಿ ಮಾತ್ರ ಆಧಾರ ಇರುವ ಸಾದಾ ತೊಲೆಗೆ ಒಂದು ಯೂನಿಟ್ ಭಾರ ಇಟ್ಟು ನಡುವಿನ ಜಾಗದ ಬೆಂಡಿಂಗ್ ಮೊಮೆಂಟ್ (ತೊಲೆಯನ್ನು ಬಾಗಿಸುವ ಬಲದ ಅಳತೆ) ಲೆಕ್ಕ ಹಾಕಿದ್ರೆ ತ್ರಿಕೋನ ಬರ್ತದೆ, ಭಾರ ಸರಿ ನಡುವೆ ಇರುವಾಗ ಎತ್ತರ ಹೆಚ್ಚು, ತೊಲೆಯ ಉದ್ದದ ನಾಲ್ಕರಲ್ಲಿ ಒಂದು ಪಾಲು, ಎರಡು ತುದಿಗೂ ಸೊನ್ನೆ.

ಹೊಸ ವಿದ್ಯಾರ್ಥಿಗಳು ಇದನ್ನು ಮಾಮೂಲಿ ಬೆಂಡಿಂಗ್ ಮೊಮೆಂಟ್ ಡಯಾಗ್ರಾಮ್ ಅಂತ ತಿಳ್ಕೊಳ್ತಾರೆ, ಎರಡೂ ತ್ರಿಕೋನವೇ ಆಗಿ ಕಾಣ್ತದೆ. ಅದರಲ್ಲಿ ಭಾರ ನಿಂತಲ್ಲೇ ಇರ್ತದೆ, ನಾವು ತೊಲೆಯುದ್ದಕ್ಕೂ ನೋಡ್ತಾ ಹೋಗುದು. ಇದರಲ್ಲಿ ನಾವು ಒಂದೇ ಜಾಗದಲ್ಲಿ ನಿಂತು ನೋಡುದು, ಭಾರ ತಿರುಗಾಡ್ತದೆ. ಲಾರಿ ನಿಮ್ಮ ಜಾಗಕ್ಕೆ ಇನ್ನೂ ಮುಟ್ಟಿರುದಿಲ್ಲ, ಎಲ್ಲೋ ದೂರ ಇರ್ತದೆ, ಆದ್ರೂ ಇಲ್ಲಿನ ಕಾಂಕ್ರೀಟಿಗೆ ಅದು ಗೊತ್ತಾಗ್ತದೆ, ಅದಕ್ಕೇ ಇನ್‌ಫ್ಲುಯೆನ್ಸ್ ಅನ್ನುವ ಹೆಸರು ಎಷ್ಟು ಸರಿ ಅಂತ ನನಗೆ ಓದುವಾಗಲೇ ಅನ್ನಿಸಿತ್ತು. ಟೀಚರ್, ನಿಮ್ಮ ಶಾಲೆಯಲ್ಲಿ ಒಂದು ಉದ್ದ ಸ್ಕೇಲು, ಎರಡು ಪುಸ್ತಕ, ಒಂದು ಕಲ್ಲು ಇದ್ರೆ ಮಕ್ಕಳಿಗೆ ತೋರಿಸಬಹುದು. ಸ್ಕೇಲನ್ನು ಎರಡು ಪುಸ್ತಕದ ಮೇಲೆ ಇಟ್ಟು ಕಲ್ಲನ್ನು ತುದಿಯಿಂದ ಮೆಲ್ಲ ಜರುಗಿಸಿ, ನಡುವಿನ ಗುರುತು ಕಲ್ಲು ಅಲ್ಲಿಗೆ ಮುಟ್ಟುವ ಮೊದಲೇ ಕೆಳಗೆ ಬರ್ಲಿಕ್ಕೆ ಶುರುವಾಗ್ತದೆ.